ಗಾಬ್ಲಿನ್ ಡೆಕ್ ಹಿಡಿದು ಕೂತರೆ ಮೊದಲು ಔಟ್ ಆಗುವುದು ನಾನೇ, ಯಾಕೆ?

ಪ್ರಶ್ನೆ: ನಾನು ರಾಜಾಜಿನಗರದವನು. ಭಾನುವಾರ ಸಂಜೆ ಆಫೀಸಿನ ಮೂವರು ಗೆಳೆಯರ ಜೊತೆ ಮ್ಯಾಜಿಕ್ ದ ಗ್ಯಾದರಿಂಗ್ ಅನ್ನುವ ಕಾರ್ಡ್ ಆಟ ಆಡುತ್ತೇನೆ, ಕಮಾಂಡರ್ ಫಾರ್ಮ್ಯಾಟ್, ಅಂದರೆ ಒಂದು ನಾಯಕ ಕಾರ್ಡ್ (ಕಮಾಂಡರ್), ಜೊತೆಗೆ 99 ಕಾರ್ಡುಗಳ ಡೆಕ್. ನನ್ನದು ಕ್ರೆಂಕೊ ಮಾಬ್ ಬಾಸ್ ಅನ್ನುವ ಗಾಬ್ಲಿನ್ ಕಮಾಂಡರ್ ಆಗಿರುವ ಡೆಕ್. 41 ಗಾಬ್ಲಿನ್, 31 ಲ್ಯಾಂಡ್ (ಬೇರೆ ಕಾರ್ಡ್ ಇಳಿಸಲು ಬೇಕಾದ ಮಾನಾ ಕೊಡುವ ಕಾರ್ಡ್), ಉಳಿದವು ಹೆಚ್ಚಾಗಿ ಗಾಬ್ಲಿನ್‌ಗಳ ಬಲ ಜಾಸ್ತಿ ಮಾಡುವ ಕಾರ್ಡುಗಳು. ಶುರುವಿನಲ್ಲಿ ಚೆನ್ನಾಗಿ ಓಡುತ್ತದೆ. ಟೇಬಲ್ ತುಂಬಾ ಗಾಬ್ಲಿನ್ ಆಗುವಷ್ಟರಲ್ಲಿ ಯಾರಾದರೂ ಒಬ್ಬರು ಬೋರ್ಡ್ ವೈಪ್ ಹಾಕುತ್ತಾರೆ, ಅಂದರೆ ಟೇಬಲ್ ಮೇಲಿನ ಕ್ರಿಯೇಚರ್‌ಗಳನ್ನೆಲ್ಲ (ಕಾದಾಡುವ ಜೀವಿಗಳ ಕಾರ್ಡ್) ಒಂದೇ ಸಲ ಗುಡಿಸಿಹಾಕುವ ಕಾರ್ಡ್. ಆಗ ನನ್ನ ಕೈಯಲ್ಲಿ ಒಂದು ಕಾರ್ಡೂ ಇರುವುದಿಲ್ಲ, ಮೂವರೂ ಸೇರಿ ನನ್ನನ್ನು ಮುಗಿಸುತ್ತಾರೆ. ಆಮೇಲೆ ಒಂದು ಗಂಟೆ ಸುಮ್ನೆ ನೋಡುತ್ತಾ ಕೂರಬೇಕು. ಟ್ರೈಬಲ್ ಡೆಕ್, ಅಂದರೆ ಹೀಗೆ ಒಂದೇ ಜಾತಿಯ ಜೀವಿಗಳನ್ನು ನೆಚ್ಚಿದ ಡೆಕ್, ನಾಲ್ಕು ಜನರ ಆಟಕ್ಕೆ ಆಗಿಬರುವುದಿಲ್ಲ ಅಂತ ಗೆಳೆಯರು ಹೇಳುತ್ತಾರೆ. ಡ್ರ್ಯಾಗನ್‌ಗೆ ಬದಲಾಯಿಸಲಾ? ಇಲ್ಲಾ ಕ್ಯಾವರ್ನ್ ಆಫ್ ಸೋಲ್ಸ್ ಅನ್ನುವ ಲ್ಯಾಂಡ್ ತರಿಸಲಾ? ಎರಡಕ್ಕೂ ದುಡ್ಡಿಲ್ಲ.

ಉತ್ತರ: ಸೋತರೆ ಅಷ್ಟು ಬೇಜಾರಾಗುವುದಿಲ್ಲ. ಎಲ್ಲರಿಗಿಂತ ಮೊದಲು ಔಟಾಗಿ ಉಳಿದ ಮೂವರ ಆಟ ನೋಡುತ್ತಾ ಕೂರುವುದು ನಿಜಕ್ಕೂ ಬೇಜಾರು. ಟೇಬಲ್ ನಡೆಸುವಾಗ, ಬೇರೆಯವರ ಡೆಕ್ ತಿದ್ದಿಕೊಡುವಾಗ ನಾನು ಅತಿ ಜಾಸ್ತಿ ಕೇಳುವ ದೂರು ಇದೇ. ಗಾಬ್ಲಿನ್, ಎಲ್ಫ್, ಮರ್‌ಫೋಕ್, ಯಾವುದೇ ಆಗಲಿ, ಕಥೆ ಒಂದೇ. ಹಾಗಾಗಿ ಡೆಕ್ ಬಿಚ್ಚಿ ಹಾಕುವ ಮೊದಲು ಸ್ವಲ್ಪ ತಡೆಯಿರಿ. ದುಡ್ಡಂತೂ ಸದ್ಯಕ್ಕೆ ಎರಡಕ್ಕೂ ಹಾಕಬೇಡಿ.

ಗೆಳೆಯರ ಮಾತನ್ನು ಮೊದಲು ನೋಡೋಣ. ಟ್ರೈಬಲ್ ಡೆಕ್ ನಾಲ್ಕು ಜನರ ಆಟಕ್ಕೆ ಆಗುವುದಿಲ್ಲ ಅನ್ನುವುದು ಸುಳ್ಳು. ಈ ಆಟ ತಯಾರಿಸುವ ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪನಿಯೇ 2017ರಲ್ಲಿ ಹೊರತಂದ ನಾಲ್ಕು ಕಮಾಂಡರ್ ಡೆಕ್‌ಗಳೂ ಟ್ರೈಬಲ್: ಡ್ರ್ಯಾಗನ್, ಬೆಕ್ಕು, ವ್ಯಾಂಪೈರ್, ವಿಝರ್ಡ್. ಅದರಲ್ಲಿ ಬಂದ ಎಡ್ಗರ್ ಮಾರ್ಕೊವ್‌ನ ವ್ಯಾಂಪೈರ್ ಡೆಕ್ ಎದುರು ಕೂತವರಿಗೆ ಟ್ರೈಬಲ್ ಅಂದರೆ ಏನು ಅಂತ ಗೊತ್ತಿರುತ್ತದೆ.

ಆದರೆ ಆ ಸುಳ್ಳು ಸುಮ್ನೆ ಹುಟ್ಟಿದ್ದಲ್ಲ. ಗಾಬ್ಲಿನ್ ಕಿಂಗ್, ಲಾರ್ಡ್ ಆಫ್ ಅಟ್ಲಾಂಟಿಸ್ ತರಹ ತಮ್ಮ ಜಾತಿಯವರ ಬಲ ಹೆಚ್ಚಿಸುವ ಕಾರ್ಡುಗಳು (ಇವನ್ನು ಲಾರ್ಡ್ ಅನ್ನುತ್ತಾರೆ) 1993ರ ಮೊದಲ ಸೆಟ್‌ನಿಂದಲೇ ಇವೆ. 2002ರ ಆನ್‌ಸ್ಲಾಟ್, 2007ರ ಲೋರ್ವಿನ್ ಸೆಟ್‌ಗಳು ಪೂರ್ತಿ ಟ್ರೈಬ್‌ಗಳ ಮೇಲೆ ನಿಂತಿದ್ದವು. ಇವೆಲ್ಲ ಇಬ್ಬರು ಎದುರುಬದುರು ಕೂತು ತಲಾ 20 ಲೈಫ್ ಇಟ್ಟುಕೊಂಡು ಆಡುವ ಆಟಕ್ಕೆ ಮಾಡಿದ ಕಾರ್ಡುಗಳು. ಕಮಾಂಡರ್‌ನಲ್ಲಿ ಒಬ್ಬೊಬ್ಬರಿಗೂ 40 ಲೈಫ್, ಎದುರಾಳಿಗಳು ಮೂವರು. ನೀವು ಒಟ್ಟು 120 ಇಳಿಸಬೇಕು. ಟೇಬಲ್ ಮೇಲೆ ಆರು ಗಾಬ್ಲಿನ್ ಇದ್ದಾಗ ಒಂದೊಂದಕ್ಕೂ +1/+1 (ಹೊಡೆಯುವ ಬಲ, ತಡೆದುಕೊಳ್ಳುವ ಬಲ ಎರಡೂ ಒಂದೊಂದು ಜಾಸ್ತಿ) ಕೊಡುವ ಒಂದು ಲಾರ್ಡ್ ಹಾಕಿದರೆ ಒಂದು ದಾಳಿಗೆ ಆರು ಡ್ಯಾಮೇಜ್ ಜಾಸ್ತಿ ಆಗುತ್ತದೆ. 20ರಲ್ಲಿ ಆರು ದೊಡ್ಡ ಪಾಲು, ಸರಿ. 120ರಲ್ಲಿ ಆರು ಏನಕ್ಕೂ ಸಾಲುವುದಿಲ್ಲ. ನಿಮ್ಮ ಡೆಕ್‌ನಲ್ಲಿ ಇಂಥ ಬಲ ಹೆಚ್ಚಿಸುವ ಕಾರ್ಡುಗಳೇ ತುಂಬಿವೆ ಅಂತ ಬರೆದಿದ್ದೀರಿ. ಅಂದರೆ ಇಬ್ಬರ ಆಟದ ಡೆಕ್ ಕಟ್ಟಿಕೊಂಡು ನಾಲ್ವರ ಟೇಬಲ್‌ಗೆ ಹೋಗಿದ್ದೀರಿ.

ಇನ್ನೊಂದು ಕಾರಣ ಇನ್ನೂ ದೊಡ್ಡದು. ಟ್ರೈಬಲ್ ಡೆಕ್‌ನ ಬಲವೆಲ್ಲ ಟೇಬಲ್ ಮೇಲೆ ಕಾಣುವ ಹಾಗೆ ಇರುತ್ತದೆ. ನೀಲಿ ಬಣ್ಣದ ಡೆಕ್ ಆಡುವವನು ಏಳು ಕಾರ್ಡ್ ಕೈಯಲ್ಲಿಟ್ಟುಕೊಂಡು ಏನೂ ಮಾಡದವನ ಹಾಗೆ ಕೂತಿರುತ್ತಾನೆ, ಅವನ ಕಡೆ ಯಾರೂ ನೋಡುವುದಿಲ್ಲ. ನಿಮ್ಮ ಮುಂದೆ ಹನ್ನೆರಡು ಗಾಬ್ಲಿನ್ ಸಾಲಾಗಿ ನಿಂತಿರುತ್ತವೆ. ಚೌಕಾಬಾರದಲ್ಲಿ ಹಣ್ಣಾಗಲು ಎರಡು ಮನೆ ಬಾಕಿ ಇರುವ ಕಾಯಿಯ ಮೇಲೆ ಎಲ್ಲರ ಕಣ್ಣೂ ಇರುತ್ತದಲ್ಲ, ಹಾಗೆ. ನಿಮ್ಮ ಗೆಳೆಯರು ದ್ವೇಷದಿಂದ ಮಾಡುತ್ತಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ನಿಮ್ಮನ್ನೇ ಹೊಡೆಯುತ್ತಿದ್ದೆ.

ಒಂದು ಕಾರ್ಡ್ ಹತ್ತಿರದಿಂದ ನೋಡಿ: ಬ್ಲಾಸ್ಫಮಸ್ ಆಕ್ಟ್. ಕೆಂಪು ಬಣ್ಣದ ವೈಪ್, ಎಲ್ಲ ಕ್ರಿಯೇಚರ್‌ಗಳಿಗೂ 13 ಡ್ಯಾಮೇಜ್. ಅದರ ಮೇಲೆ ಬರೆದಿರುವ ಬೆಲೆ ಒಂಬತ್ತು ಮಾನಾ. ಆದರೆ ಟೇಬಲ್ ಮೇಲೆ ಇರುವ ಒಂದೊಂದು ಕ್ರಿಯೇಚರ್‌ಗೂ ಒಂದೊಂದು ಮಾನಾ ಕಡಿಮೆ ಆಗುತ್ತಾ ಹೋಗುತ್ತದೆ, ಕೊನೆಗೆ ಒಂದೇ ಕೆಂಪು ಮಾನಾಗೆ ಇಳಿಯುತ್ತದೆ. ಎಂಟು ಕ್ರಿಯೇಚರ್ ಇದ್ದರೆ ಸಾಕು. ನಿಮ್ಮ ಗಾಬ್ಲಿನ್‌ಗಳನ್ನು ಸಾಯಿಸುವ ಕಾರ್ಡಿಗೆ ನಿಮ್ಮ ಗಾಬ್ಲಿನ್‌ಗಳೇ ದುಡ್ಡು ಕಟ್ಟುತ್ತಿವೆ. ಎಂಟನೆಯ ಗಾಬ್ಲಿನ್ ಇಳಿಸುವಾಗ ಇದು ತಲೆಯಲ್ಲಿರಲಿ.

ಈಗ ನಿಮ್ಮ ಕೈ ಯಾಕೆ ಖಾಲಿಯಾಗುತ್ತದೆ ಅನ್ನುವುದು. ನಾನು ನೋಡಿದ ಹೆಚ್ಚಿನ ಕ್ರೆಂಕೊ ಆಟಗಾರರು ಮಾಡುವುದನ್ನೇ ನೀವೂ ಮಾಡುತ್ತಿದ್ದೀರಿ ಅನಿಸುತ್ತದೆ: ಕೈಗೆ ಬಂದ ಗಾಬ್ಲಿನ್ ಎಲ್ಲವನ್ನೂ ಬಂದ ಟರ್ನ್‌ನಲ್ಲೇ ಇಳಿಸುವುದು. ಕ್ರೆಂಕೊ ಇರುವಾಗ ಅದು ಬೇಕೇ ಇಲ್ಲ. ಅವನನ್ನು ಟ್ಯಾಪ್ ಮಾಡಿದರೆ (ಕಾರ್ಡನ್ನು ಅಡ್ಡ ತಿರುಗಿಸಿ ಬಳಸಿದರೆ) ನಿಮ್ಮ ಹತ್ತಿರ ಎಷ್ಟು ಗಾಬ್ಲಿನ್ ಇವೆಯೋ ಅಷ್ಟು ಗಾಬ್ಲಿನ್ ಟೋಕನ್ ಹುಟ್ಟುತ್ತವೆ. ಕ್ರೆಂಕೊ ಜೊತೆ ಇನ್ನೆರಡು ಗಾಬ್ಲಿನ್ ಇದ್ದರೆ ಮೊದಲ ಸಲ ಮೂರು, ಎರಡನೇ ಸಲ ಆರು, ಮೂರನೇ ಸಲ ಹನ್ನೆರಡು. ಟೋಕನ್‌ಗೆ ಕೈಯಿಂದ ಕಾರ್ಡ್ ಖರ್ಚಾಗುವುದಿಲ್ಲ. ಟೇಬಲ್ ತುಂಬಿಸುವ ಕೆಲಸ ಅವನಿಗೆ ಬಿಡಿ, ಕೈಯಲ್ಲಿರುವ ಗಾಬ್ಲಿನ್‌ಗಳನ್ನು ಕೈಯಲ್ಲೇ ಇಟ್ಟುಕೊಳ್ಳಿ. ವೈಪ್ ಬಿತ್ತು ಅಂದುಕೊಳ್ಳಿ. ಟೋಕನ್‌ಗಳು ಹೋದವು, ಕ್ರೆಂಕೊ ಕಮಾಂಡರ್‌ಗೆ ಮೀಸಲಾದ ಕಮಾಂಡ್ ಝೋನ್‌ಗೆ ಹೋದ, ಮತ್ತೆ ಇಳಿಸಲು ನಾಲ್ಕರ ಬದಲು ಆರು ಮಾನಾ ಬೇಕು. ಕೈಯಲ್ಲಿ ಗಾಬ್ಲಿನ್ ವಾರ್‌ಚೀಫ್ ಉಳಿದಿದ್ದರೆ ಅವನನ್ನು ಮೊದಲು ಇಳಿಸಿ. ಅವನಿದ್ದರೆ ಗಾಬ್ಲಿನ್‌ಗಳ ಬೆಲೆ ಒಂದು ಕಡಿಮೆ, ಹೇಸ್ಟ್ ಕೂಡ ಸಿಗುತ್ತದೆ, ಅಂದರೆ ಇಳಿದ ಟರ್ನ್‌ನಲ್ಲೇ ಬಳಸಬಹುದು. ಮುಂದಿನ ಟರ್ನ್ ಕ್ರೆಂಕೊ ಐದು ಮಾನಾಗೆ ಬಂದು ಬಂದ ಕೂಡಲೇ ಟ್ಯಾಪ್ ಆಗುತ್ತಾನೆ. ನೀವು ಮತ್ತೆ ಆಟದಲ್ಲಿದ್ದೀರಿ. ವಾರ್‌ಚೀಫ್‌ನನ್ನು ಮೂರನೇ ಟರ್ನ್‌ನಲ್ಲೇ ಸುಮ್ನೆ ಇಳಿಸಿ ವೈಪ್‌ನಲ್ಲಿ ಕಳಕೊಂಡಿದ್ದರೆ ಈ ದಾರಿ ಇರುತ್ತಿರಲಿಲ್ಲ.

ಗೆಲ್ಲುವುದು ಹೇಗೆ ಅನ್ನುವುದಕ್ಕೆ ಬರೋಣ, ನನಗೆ ತುಂಬಾ ಇಷ್ಟವಾದ ಭಾಗ ಇದು. 120 ಡ್ಯಾಮೇಜನ್ನು ದಾಳಿ ಮಾಡಿಯೇ ತೆಗೆಯುತ್ತೇನೆ ಅನ್ನುವ ಹಟ ಬಿಡಿ. ಎದುರಿನವನು ಘೋಸ್ಟ್ಲಿ ಪ್ರಿಸನ್ ಹಾಕಿದ ಅಂದರೆ ಅವನ ಮೇಲೆ ಹೋಗುವ ಒಂದೊಂದು ಗಾಬ್ಲಿನ್‌ಗೂ ಎರಡು ಮಾನಾ ಕಟ್ಟಬೇಕು. ಹನ್ನೆರಡು ಗಾಬ್ಲಿನ್‌ಗೆ 24 ಮಾನಾ, ಎಲ್ಲಿಂದ ತರುತ್ತೀರಿ? ಅದರ ಬದಲು ಗಾಬ್ಲಿನ್ ಹುಟ್ಟಿದ ಕ್ಷಣದಲ್ಲೇ ಮೂವರಿಗೂ ಪೆಟ್ಟು ಬೀಳುವ ಕಾರ್ಡುಗಳನ್ನು ನಂಬಿ. ಇಂಪ್ಯಾಕ್ಟ್ ಟ್ರೆಮರ್ಸ್ ಎರಡು ಮಾನಾದ ಎನ್‌ಚಾಂಟ್‌ಮೆಂಟ್ (ಟೇಬಲ್ ಮೇಲೇ ಉಳಿಯುವ ಮಂತ್ರದ ಕಾರ್ಡ್): ನಿಮ್ಮ ಕಡೆ ಒಂದು ಕ್ರಿಯೇಚರ್ ಬಂದರೆ ಎಲ್ಲ ಎದುರಾಳಿಗಳಿಗೂ ಒಂದು ಡ್ಯಾಮೇಜ್. ಪರ್ಫೊರೋಸ್ ಗಾಡ್ ಆಫ್ ದ ಫೋರ್ಜ್ ನಾಲ್ಕು ಮಾನಾ, ಅದೇ ಕೆಲಸ, ಎರಡೆರಡು ಡ್ಯಾಮೇಜ್. ಮೇಲೆ ಹೇಳಿದ ಲೆಕ್ಕವನ್ನೇ ಹಿಡಿಯಿರಿ. ಮೂರು, ಆರು, ಹನ್ನೆರಡು, ಒಟ್ಟು 21 ಟೋಕನ್. ಟ್ರೆಮರ್ಸ್ ಇದ್ದರೆ ಮೂವರಿಗೂ 21, ಪರ್ಫೊರೋಸ್ ಇದ್ದರೆ ಮೂವರಿಗೂ 42. ಇದ್ದದ್ದೇ 40! ಒಂದು ಸಲವೂ ದಾಳಿ ಮಾಡದೆ, ಕ್ರೆಂಕೊನನ್ನು ಮೂರು ಸಲ ಟ್ಯಾಪ್ ಮಾಡಿ, ಇಡೀ ಟೇಬಲ್ ಮುಗಿಸಬಹುದು. ಕ್ರಿಯೇಚರ್‌ಗಳನ್ನು ಮಾತ್ರ ಗುಡಿಸುವ ವೈಪ್ ಬಿದ್ದರೂ ಇವು ಹೋಗುವುದಿಲ್ಲ, ಟ್ರೆಮರ್ಸ್ ಕ್ರಿಯೇಚರ್ ಅಲ್ಲ, ಪರ್ಫೊರೋಸ್ ಇಂಡಿಸ್ಟ್ರಕ್ಟಿಬಲ್, ಅಂದರೆ ನಾಶ ಆಗದವನು.

ಅಪಾಯ ಇದೆ, ಅದನ್ನೂ ಹೇಳಬೇಕು. ಮೂವರಿಗೂ ಒಟ್ಟಿಗೆ ನೋವು ಕೊಡುವ ಕಾರ್ಡ್ ಮೂವರನ್ನೂ ಒಂದು ಮಾಡುತ್ತದೆ. ಎರಡನೇ ಟರ್ನ್‌ನಲ್ಲೇ ಟ್ರೆಮರ್ಸ್ ಇಳಿಸಿ ಒಂದೊಂದೇ ಚುಚ್ಚುತ್ತಾ ಕೂತರೆ ನೀವೇ ಗುರಿ. ಕೈಯಲ್ಲಿಟ್ಟುಕೊಳ್ಳಿ, ಕ್ರೆಂಕೊ ಮುಂದಿನ ಸಲ ಟ್ಯಾಪ್ ಆದರೆ ದೊಡ್ಡ ಪೆಟ್ಟು ಬೀಳುತ್ತದೆ ಅನ್ನುವ ಟರ್ನ್‌ನಲ್ಲಿ ಇಳಿಸಿ. ಎಂಟು ಗಾಬ್ಲಿನ್ ಇರುವಾಗ ಪರ್ಫೊರೋಸ್ ಇಳಿಸಿ ಅದೇ ಟರ್ನ್ ಟ್ಯಾಪ್ ಮಾಡಿದರೆ ಮೂವರಿಗೂ 16. ಯೋಚನೆ ಮಾಡಲು ಅವರಿಗೆ ಟೈಮೇ ಸಿಗುವುದಿಲ್ಲ.

ವೈಪ್ ಬಿದ್ದಾಗ ಕೈಕಟ್ಟಿ ಕೂರದಿರಲು ಗಾಬ್ಲಿನ್ ಬಾಂಬಾರ್ಡ್‌ಮೆಂಟ್ ಹಾಕಿಕೊಳ್ಳಿ. ಎರಡು ಮಾನಾದ ಎನ್‌ಚಾಂಟ್‌ಮೆಂಟ್, ಒಂದು ಕ್ರಿಯೇಚರ್ ಬಲಿ ಕೊಟ್ಟರೆ ಬೇಕಾದವರಿಗೆ ಒಂದು ಡ್ಯಾಮೇಜ್, ಮಾನಾ ಖರ್ಚಿಲ್ಲ, ಯಾವಾಗ ಬೇಕಾದರೂ ಮಾಡಬಹುದು. ಯಾರೋ ರಾತ್ ಆಫ್ ಗಾಡ್ ಅನ್ನುವ ವೈಪ್ ಹಾಕಿದರು ಅಂದುಕೊಳ್ಳಿ, ಅದು ಜಾರಿಯಾಗುವ ಮೊದಲೇ ನಿಮ್ಮ ಹದಿಮೂರು ಗಾಬ್ಲಿನ್‌ಗಳನ್ನು ಬಲಿ ಕೊಟ್ಟು ಅವರಿಗೇ 13 ಡ್ಯಾಮೇಜ್ ಕೊಡಬಹುದು. ಒಂದೆರಡು ಆಟದಲ್ಲಿ ಹೀಗೆ ಆದ ಮೇಲೆ, ಲೈಫ್ ಕಡಿಮೆ ಇರುವವರು ವೈಪ್ ಹಾಕುವ ಮೊದಲು ಎರಡು ಸಲ ಯೋಚನೆ ಮಾಡುತ್ತಾರೆ.

ಕಾರ್ಡ್ ಎಳೆಯಲು ಸ್ಕಲ್‌ಕ್ಲ್ಯಾಂಪ್. ಇದಿಲ್ಲದ ಗಾಬ್ಲಿನ್ ಡೆಕ್ ನೋಡಿದರೆ ನನಗೆ ಸಂಕಟವಾಗುತ್ತದೆ. ಇಳಿಸಲು ಒಂದು ಮಾನಾ, ತೊಡಿಸಲು ಒಂದು ಮಾನಾ. ತೊಟ್ಟ ಕ್ರಿಯೇಚರ್‌ಗೆ +1/-1, ಅದು ಸತ್ತರೆ ಎರಡು ಕಾರ್ಡ್. ನಿಮ್ಮ ಟೋಕನ್ 1/1, ತೊಡಿಸಿದ ತಕ್ಷಣ ಸಾಯುತ್ತದೆ. ಅಂದರೆ ಒಂದು ಮಾನಾ, ಒಂದು ಟೋಕನ್, ಎರಡು ಕಾರ್ಡ್. ನಾಲ್ಕು ಮಾನಾ ಮಿಕ್ಕಿದ್ದರೆ ಎಂಟು ಕಾರ್ಡ್. 2004ರಲ್ಲಿ ಸ್ಟ್ಯಾಂಡರ್ಡ್ ಫಾರ್ಮ್ಯಾಟ್‌ನಿಂದ ಇದನ್ನು ಬ್ಯಾನ್ ಮಾಡಿದ್ದು ಸುಮ್ನೆ ಅಲ್ಲ, ಕಮಾಂಡರ್‌ನಲ್ಲಿ ಮಾತ್ರ ಆರಾಮಾಗಿ ಆಡಬಹುದು. ಹೆರಾಲ್ಡ್ಸ್ ಹಾರ್ನ್, ವ್ಯಾಂಕ್ವಿಷರ್ಸ್ ಬ್ಯಾನರ್ ಕೂಡ ಒಳ್ಳೆಯವು, ಆದರೆ ಬ್ಯಾನರ್‌ಗೆ ಐದು ಮಾನಾ, ನಿಧಾನ.

ಲ್ಯಾಂಡ್ ವಿಷಯ. 31 ಕಡಿಮೆ. ನಾಲ್ವರ ಆಟದಲ್ಲಿ ಮೊದಲು ಆಡುವವರೂ ಮೊದಲ ಟರ್ನ್‌ನಲ್ಲಿ ಕಾರ್ಡ್ ಎಳೆಯುತ್ತಾರೆ, ಹಾಗಾಗಿ ನಾಲ್ಕನೇ ಟರ್ನ್ ಹೊತ್ತಿಗೆ ನೀವು 11 ಕಾರ್ಡ್ ನೋಡಿರುತ್ತೀರಿ. 99ರಲ್ಲಿ 31 ಲ್ಯಾಂಡ್ ಇದ್ದರೆ ಆ 11ರಲ್ಲಿ ಸರಾಸರಿ ಮೂರೂವರೆಗಿಂತ ಕಡಿಮೆ. 36 ಇದ್ದರೆ ಸರಿಯಾಗಿ ನಾಲ್ಕು. ನಿಮ್ಮ ಕಮಾಂಡರ್ ಬೆಲೆ ನಾಲ್ಕು. ಇಷ್ಟೇ ಲೆಕ್ಕ. ಅವನು ಸತ್ತಾಗಲೆಲ್ಲ ಎರಡೆರಡು ಮಾನಾ ಜಾಸ್ತಿ ಕಟ್ಟಬೇಕು ಅನ್ನುವುದನ್ನೂ ಸೇರಿಸಿದರೆ 36ಕ್ಕಿಂತ ಕೆಳಗೆ ಇಳಿಯಬೇಡಿ ಅಂತಲೇ ಹೇಳುತ್ತೇನೆ.

ಗಾಬ್ಲಿನ್‌ಗಳ ಸಂಖ್ಯೆ 41 ಬೇಡ, 30ರ ಆಸುಪಾಸು ಸಾಕು. ತೀರಾ ಕಡಿಮೆಯೂ ಮಾಡಬೇಡಿ. ಗಾಬ್ಲಿನ್ ರಿಂಗ್‌ಲೀಡರ್ ಮೇಲಿನ ನಾಲ್ಕು ಕಾರ್ಡ್ ನೋಡಿ ಗಾಬ್ಲಿನ್‌ಗಳನ್ನು ಕೈಗೆ ಕೊಡುತ್ತದೆ, ಮಕ್ಸಸ್ ಮೇಲಿನ ಆರರಲ್ಲಿ ಸಿಕ್ಕಿದ ಗಾಬ್ಲಿನ್‌ಗಳನ್ನು ನೇರ ಟೇಬಲ್‌ಗೆ ಇಳಿಸುತ್ತಾನೆ. ಡೆಕ್‌ನಲ್ಲಿ ಗಾಬ್ಲಿನ್ ಕಡಿಮೆ ಆದರೆ ಇವರಿಗೆ ಕೆಲಸವೇ ಇರುವುದಿಲ್ಲ. ಲಾರ್ಡ್‌ಗಳಲ್ಲಿ ಹೇಸ್ಟ್ ಕೊಡುವವರನ್ನು ಉಳಿಸಿ, ಬರೀ +1/+1 ಕೊಡುವವರನ್ನು ತೆಗೆಯಿರಿ. ಕೋಟ್ ಆಫ್ ಆರ್ಮ್ಸ್ ಇದ್ದರೆ ಅದನ್ನೂ ತೆಗೆಯಿರಿ, ಅದು ಎದುರಿನವರ ಟೋಕನ್‌ಗಳಿಗೂ ಬಲ ಕೊಡುತ್ತದೆ.

ಕ್ಯಾವರ್ನ್ ಆಫ್ ಸೋಲ್ಸ್ ತರಿಸಬೇಡಿ. ಒಳ್ಳೆಯ ಲ್ಯಾಂಡ್, ಆದರೆ ನಿಮ್ಮ ಕಾಯಿಲೆಗೆ ಔಷಧ ಅಲ್ಲ. ಅದು ಎರಡು ಕೆಲಸ ಮಾಡುತ್ತದೆ: ಆರಿಸಿದ ಟ್ರೈಬ್‌ಗೆ ಬೇಕಾದ ಬಣ್ಣದ ಮಾನಾ ಕೊಡುವುದು, ಆ ಮಾನಾದಿಂದ ಬಂದ ಕ್ರಿಯೇಚರನ್ನು ಯಾರೂ ಕೌಂಟರ್ ಮಾಡದ (ಇಳಿಯುವ ಮೊದಲೇ ರದ್ದು ಮಾಡದ) ಹಾಗೆ ನೋಡಿಕೊಳ್ಳುವುದು. ನಿಮ್ಮದು ಒಂದೇ ಬಣ್ಣದ ಡೆಕ್, ಮೊದಲನೆಯದು ಬೇಡ. ನಿಮ್ಮನ್ನು ಕೊಲ್ಲುತ್ತಿರುವುದು ವೈಪ್, ಕೌಂಟರ್ ಅಲ್ಲ. ಹೊರದೇಶದಿಂದ ಸಿಂಗಲ್ಸ್ (ಬಿಡಿ ಕಾರ್ಡ್) ತರಿಸಿದರೆ ಕಸ್ಟಮ್ಸ್ ಸುಂಕ ಬೇರೆ, ಕಾಯುವುದು ಬೇರೆ. ಟ್ರೆಮರ್ಸ್, ಸ್ಕಲ್‌ಕ್ಲ್ಯಾಂಪ್ ತರಹದವನ್ನು ಮೊದಲು ಇಲ್ಲೇ ಕೋರಮಂಗಲ, ಇಂದಿರಾನಗರ, ಎಚ್‌ಎಸ್‌ಆರ್ ಕಡೆಯ ಬೋರ್ಡ್ ಗೇಮ್ ಕೆಫೆಗಳಿಗೆ ಬರುವ ಆಟಗಾರರ ಹತ್ತಿರ ಕೇಳಿ, ಅದಲುಬದಲು ಮಾಡಿಕೊಳ್ಳುವವರು ಸಿಗುತ್ತಾರೆ. ಹೊಳೆಯುವ ಫಾಯಿಲ್ ಕಾರ್ಡಿನ ಆಸೆ ಬೇಡ, ನಮ್ಮ ಮಳೆಗಾಲದ ತೇವಕ್ಕೆ ಬಾಗುತ್ತದೆ. ಮನೆಯ ಆಟಕ್ಕೆ ಗೆಳೆಯರು ಒಪ್ಪಿದರೆ ಮೊದಲು ಪ್ರಾಕ್ಸಿ (ಅಸಲಿ ಕಾರ್ಡಿನ ಬದಲು ಇಡುವ ನಕಲು) ಹಾಕಿ ಆಡಿ ನೋಡಿ, ಅಧಿಕೃತ ಟೂರ್ನಮೆಂಟ್‌ನಲ್ಲಿ ಮಾತ್ರ ಅದು ನಡೆಯುವುದಿಲ್ಲ.

ಡ್ರ್ಯಾಗನ್? ಇಷ್ಟ ಇದ್ದರೆ ಖಂಡಿತ ಕಟ್ಟಿ, ನಾನೂ ಅವುಗಳ ಅಭಿಮಾನಿ. ಆದರೆ ಕಣ್ಣಿಗೆ ಬೀಳದೆ ಇರಬಹುದು ಅಂತ ಹೋಗುತ್ತಿದ್ದರೆ ಹೋಗಬೇಡಿ. ಒಳ್ಳೆಯ ಡ್ರ್ಯಾಗನ್‌ಗಳಿಗೆ ಸಾಮಾನ್ಯವಾಗಿ ಐದಾರು ಮಾನಾ ಬೇಕು, ಅಲ್ಲಿಯ ತನಕ ನಿಮ್ಮ ಮುಂದೆ ತಡೆಯಲು ಯಾರೂ ಇರುವುದಿಲ್ಲ. ಆರು ಮಾನಾ ಕೊಟ್ಟು ಇಳಿಸಿದ್ದು ವೈಪ್‌ಗೆ ಹೋದರೆ ಟೋಕನ್ ಹೋದದ್ದಕ್ಕಿಂತ ಜಾಸ್ತಿ ಉರಿಯುತ್ತದೆ. ದಿ ಊರ್-ಡ್ರ್ಯಾಗನ್ ಹಾಕಿದರೆ ಐದೂ ಬಣ್ಣ, ಅದರ ಲ್ಯಾಂಡ್‌ಗಳ ಖರ್ಚೇ ಬೇರೆ.

ವೈಪ್ ಕಾಟವೇ ತಡೆಯಲಾಗದಿದ್ದರೆ ಝಾಂಬಿ ಕಡೆ ನೋಡಿ. ವಿಲ್‌ಹೆಲ್ಟ್ ಕಮಾಂಡರ್ ಆಗಿರುವ ಡೆಕ್ 2021ರಲ್ಲಿ ರೆಡಿಮೇಡ್ ಆಗಿಯೇ ಬಂದಿತ್ತು. ಅವನಿರುವಾಗ ಬೇರೆ ಝಾಂಬಿ ಸತ್ತರೆ ಅದರ ಜಾಗಕ್ಕೆ 2/2 ಝಾಂಬಿ ಟೋಕನ್ ಬರುತ್ತದೆ, ವೈಪ್‌ನಲ್ಲಿ ಅವನೂ ಜೊತೆಗೇ ಸತ್ತರೂ ಬರುತ್ತದೆ. ಟೇಬಲ್ ತಕ್ಷಣಕ್ಕೆ ಖಾಲಿಯಾಗುವುದಿಲ್ಲ, ಆದರೆ ಆ ಟೋಕನ್‌ಗಳು ದಾಳಿ ತಡೆಯಲಾರವು, ಒಂದು ಸಲ ದಾಳಿ ಮಾಡಿದರೆ ಹೋಗುತ್ತವೆ, ಅವು ಸತ್ತರೆ ಬೇರೆ ಟೋಕನ್ ಬರುವುದಿಲ್ಲ. ಎದುರಿನವರು ಸಾಯಬೇಕಾದದ್ದನ್ನೆಲ್ಲ ಆಟದಿಂದಲೇ ಹೊರಹಾಕುವ ರೆಸ್ಟ್ ಇನ್ ಪೀಸ್ ಹಾಕಿದರಂತೂ ಎಲ್ಲ ನಿಂತುಹೋಗುತ್ತದೆ. ಗಾಬ್ಲಿನ್ ಬಿಡಲು ಮನಸ್ಸಿಲ್ಲ ಅಂದರೆ ವೋರ್ಟ್ ಬೊಗಾರ್ಟ್ ಆಂಟಿಯನ್ನು ಕಮಾಂಡರ್ ಮಾಡಿ, ಕ್ರೆಂಕೊನನ್ನು ಡೆಕ್ ಒಳಗೆ ಹಾಕಿ. ಅವಳು ನಿಮ್ಮ ಪ್ರತಿ ಟರ್ನ್ ಶುರುವಿನಲ್ಲಿ ಸತ್ತ ಗಾಬ್ಲಿನ್ ಕಾರ್ಡ್ ಒಂದನ್ನು ಕೈಗೆ ವಾಪಸ್ ತರುತ್ತಾಳೆ, ಕಪ್ಪು ಬಣ್ಣವೂ ಸಿಗುತ್ತದೆ. ಟೋಕನ್ ವಾಪಸ್ ಬರುವುದಿಲ್ಲ, ವೇಗವೂ ಕಡಿಮೆ. ನನ್ನನ್ನು ಕೇಳಿದರೆ ಸದ್ಯಕ್ಕೆ ಕ್ರೆಂಕೊನೇ ಇರಲಿ.

ಇನ್ನು ಮಾತುಕತೆ. ನಾಲ್ವರ ಆಟದಲ್ಲಿ ಬಾಯಿಯೂ ಒಂದು ಕಾರ್ಡ್. ಕೆಂಪು ಬಣ್ಣಕ್ಕೆ ಎನ್‌ಚಾಂಟ್‌ಮೆಂಟ್ ತೆಗೆಯುವ ದಾರಿ ತೀರಾ ಕಡಿಮೆ, ಹಸಿರು ಅಥವಾ ಬಿಳಿ ಆಡುವ ಗೆಳೆಯರ ಸಹಾಯ ನಿಮಗೆ ಬೇಕೇ ಬೇಕು. "ಆ ಘೋಸ್ಟ್ಲಿ ಪ್ರಿಸನ್ ತೆಗಿ ಮಾರಾಯ, ಎರಡು ಟರ್ನ್ ನಿನ್ನ ಕಡೆ ಬರಲ್ಲ" ಅಂತ ಹೇಳಿ, ಹೇಳಿದ ಹಾಗೆ ನಡೆದುಕೊಳ್ಳಿ. ವಾರ ವಾರ ಅದೇ ನಾಲ್ವರು ಕೂರುವ ಟೇಬಲ್‌ನಲ್ಲಿ ಒಮ್ಮೆ ಮಾತು ತಪ್ಪಿದರೆ ಮುಂದೆ ಯಾರೂ ನಂಬುವುದಿಲ್ಲ. ಯಾರ ಮೇಲೆ ದಾಳಿ ಅನ್ನುವುದನ್ನೂ ಲೆಕ್ಕ ಹಾಕಿ. ಬಿಳಿ ಆಡುವವರು ನಾಲ್ಕೈದು ಲ್ಯಾಂಡ್ ಇಟ್ಟುಕೊಂಡು ಏನೂ ಇಳಿಸದೆ ಕೂತಿದ್ದರೆ, ನೀಲಿ ಆಡುವವರು ಏಳು ಮಾನಾ ಬಿಟ್ಟುಕೊಂಡು ಟರ್ನ್ ಮುಗಿಸಿದರೆ, ಸಣ್ಣ ಗಾಬ್ಲಿನ್‌ಗಳನ್ನು ಮೊದಲು ಅವರ ಕಡೆ ಕಳಿಸಿ. ಎದುರಾಳಿಗಳ ಕಾರ್ಡುಗಳನ್ನು (ಲ್ಯಾಂಡ್ ಬಿಟ್ಟು) ಟೇಬಲ್‌ನಿಂದ ಕೈಗೆ ವಾಪಸ್ ಕಳಿಸುವ ಸೈಕ್ಲಾನಿಕ್ ರಿಫ್ಟ್ ಅನ್ನುವ ನೀಲಿ ಕಾರ್ಡನ್ನು ಪೂರ್ತಿ ಬಲದಲ್ಲಿ ಹಾಕಲು ಸರಿಯಾಗಿ ಏಳು ಮಾನಾ ಬೇಕು, ಅದು ಬಿದ್ದರೆ ನಿಮ್ಮ ಟೋಕನ್ ಎಲ್ಲ ಮಾಯ.

ಗೆಳೆಯರ ಡೆಕ್‌ಗಳ ಮಟ್ಟ ನೀವು ಬರೆದಿಲ್ಲ, ಅದನ್ನೂ ಒಮ್ಮೆ ಕೂತು ಮಾತಾಡಿ. 2025ರ ಫೆಬ್ರುವರಿಯಿಂದ ಕಮಾಂಡರ್‌ಗೆ ಡೆಕ್‌ಗಳ ಮಟ್ಟ ಹೇಳುವ ಐದು ಹಂತಗಳ ಬ್ರ್ಯಾಕೆಟ್ ಪದ್ಧತಿ ಬಂದಿದೆ. ರೆಡಿಮೇಡ್ ಡೆಕ್‌ಗಳು ಸುಮಾರಾಗಿ ಎರಡನೇ ಹಂತ. ಅವರು ನಾಲ್ಕರಲ್ಲಿ ಆಡುತ್ತಾ ನೀವು ಎರಡರಲ್ಲಿ ಇದ್ದರೆ ನಾನು ಹೇಳಿದ ಒಂದೂ ಸಾಲುವುದಿಲ್ಲ. ಹಾಗೇ ನಿಮ್ಮ ಕಡೆಯಿಂದ ಥಾರ್ನ್‌ಬೈಟ್ ಸ್ಟಾಫ್, ಸ್ಕರ್ಕ್ ಪ್ರಾಸ್ಪೆಕ್ಟರ್, ಕ್ರೆಂಕೊ ಸೇರಿಸಿ ಕೊನೆಯಿಲ್ಲದ ಟೋಕನ್ ಮಾಡುವ ಕಾಂಬೊ ಹಾಕುವ ಯೋಚನೆ ಇದ್ದರೆ ಮೊದಲೇ ಹೇಳಿಬಿಡಿ. ಭಾನುವಾರದ ಗೆಳೆಯರ ಟೇಬಲ್‌ನಲ್ಲಿ ಅದು ಎಲ್ಲರಿಗೂ ಇಷ್ಟ ಆಗುವುದಿಲ್ಲ.

ಕೆಲಸ ಶುರು ಮಾಡುವುದು ಹೀಗೆ. ಹನ್ನೊಂದು ಗಾಬ್ಲಿನ್ ತೆಗೆದು ಐದು ಮೌಂಟನ್ (ಕೆಂಪು ಮಾನಾ ಕೊಡುವ ಲ್ಯಾಂಡ್) ಹಾಕಿ. ಉಳಿದ ಆರು ಜಾಗಕ್ಕೆ ಟ್ರೆಮರ್ಸ್, ಪರ್ಫೊರೋಸ್, ಬಾಂಬಾರ್ಡ್‌ಮೆಂಟ್, ಸ್ಕಲ್‌ಕ್ಲ್ಯಾಂಪ್, ಹೆರಾಲ್ಡ್ಸ್ ಹಾರ್ನ್, ಕ್ರೆಂಕೊಗೆ ಕಾವಲಾಗಿ ಲೈಟ್ನಿಂಗ್ ಗ್ರೀವ್ಸ್. ಇವುಗಳಲ್ಲಿ ಯಾವುದಾದರೂ ಈಗಾಗಲೇ ಇದ್ದರೆ ಆ ಜಾಗಕ್ಕೆ ಇನ್ನೊಂದು ಕಾರ್ಡ್ ಎಳೆಯುವ ಕಾರ್ಡ್. ಭಾನುವಾರಕ್ಕೆ ಮೊದಲು ಮನೆಯಲ್ಲೇ ಕಲೆಸಿ, ಏಳು ಕಾರ್ಡ್ ಎತ್ತಿ, ಒಬ್ಬರೇ ಆರು ಟರ್ನ್ ಆಡಿ ನೋಡಿ. ಐದನೇ ಟರ್ನ್ ಮುಗಿದಾಗ ಎಲ್ಲ ಗಾಬ್ಲಿನ್ ಸತ್ತವು ಅಂದುಕೊಂಡು ಟೇಬಲ್ ಖಾಲಿ ಮಾಡಿ, ಕೈಯಲ್ಲಿ ಏನು ಉಳಿದಿದೆ ಅಂತ ಎಣಿಸಿ. ಎಷ್ಟು ಸಲ ಆಡಿದರೂ ಕೈ ಖಾಲಿಯೇ ಉಳಿಯುತ್ತಿದ್ದರೆ ಪೂರ್ತಿ ಡೆಕ್ ಪಟ್ಟಿ ಬರೆದು ಕಳಿಸಿ, ಗೆಳೆಯರು ಯಾವ ಕಮಾಂಡರ್ ಆಡುತ್ತಾರೆ ಅನ್ನುವುದನ್ನೂ ಬರೆಯಿರಿ, ಒಂದೊಂದೇ ಕಾರ್ಡ್ ನೋಡಿ ಹೇಳುತ್ತೇನೆ.